ಕೊಡುಗೆ: ರಾಮಣ್ಣ ರೈ

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯ ಸರ್ಕಾರಿ ಶಾಲೆಗಳಲ್ಲಿ ತಲೆಯೆತ್ತಿ ನೋಡಿ, ಫ್ಯಾನಿನ ರೆಕ್ಕೆಯ ಮೇಲೊಂದು ಹೆಸರಿರುತ್ತದೆ. ಗೋಡೆ ಗಡಿಯಾರಕ್ಕೊಬ್ಬ ದಾನಿ, ಕಪಾಟಿಗೊಬ್ಬ, ಧ್ವಜಕಟ್ಟೆಗೆ ಇನ್ನೊಬ್ಬ. ಈ ಬೋರ್ಡಿನ ಭಾಷೆಯೇ 2018ರ ಆಗಸ್ಟ್ 24ರಂದು ಸಿನಿಮಾ ಹೆಸರಾಗಿ ಥಿಯೇಟರಿಗೆ ಬಂತು: ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಟಿಕೆಟ್ ಕೌಂಟರಿನಲ್ಲಿ ಪೂರ್ತಿ ಹೇಳಿದವರು ಯಾರೂ ಇರಲಿಕ್ಕಿಲ್ಲ.

ಮಾಡಿದವರು ಕುಂದಾಪುರದ ಒಳಗಿನ ಕೆರಾಡಿಯ ರಿಷಬ್ ಶೆಟ್ಟಿ. ಹುಡುಗನಾಗಿದ್ದಾಗ ಯಕ್ಷಗಾನ, ಆಮೇಲೆ ಬೆಂಗಳೂರು, ನೀರಿನ ಕ್ಯಾನ್ ಮಾರಾಟ, ಹೋಟೆಲು, ಸರ್ಕಾರಿ ಚಲನಚಿತ್ರ ಸಂಸ್ಥೆಯಲ್ಲಿ ನಿರ್ದೇಶನದ ಡಿಪ್ಲೊಮಾ. 2016ರ ಕೊನೆಗೆ ‘ಕಿರಿಕ್ ಪಾರ್ಟಿ’ ಗೆದ್ದ ಮೇಲೆ ದೊಡ್ಡ ನಾಯಕನನ್ನು ಹುಡುಕಿಕೊಂಡು ಹೋಗುವುದು ಸುಲಭವಿತ್ತು. ಅವರು ಹಿಡಿದದ್ದು ಚಡ್ಡಿ ಹಾಕಿದ ಮಕ್ಕಳನ್ನು. ನಿರ್ಮಾಪಕರೂ ಅವರೇ.

ಕಾಸರಗೋಡೇ ಏಕೆ? 1956ರ ನವೆಂಬರ್ 1ರಂದು ಅದು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು, ಸೇರಲಿಲ್ಲ. ಕನ್ನಡ ಬಾರದ ಮೇಷ್ಟ್ರು ಕನ್ನಡ ಶಾಲೆಗೆ ನೇಮಕವಾಗುವುದು, ಊರವರು ಪ್ರತಿಭಟಿಸುವುದು ಅಲ್ಲಿ ಸಿನಿಮಾಕ್ಕಾಗಿ ಹೊಸೆದ ಕಥೆಯಲ್ಲ. ಇದನ್ನು ಕಣ್ಣೀರಿನ ಚಿತ್ರವಾಗಿಸಬಹುದಿತ್ತು, ರಿಷಬ್ ನಗೆಯ ದಾರಿ ಹಿಡಿದರು. ಯಾರ್ಕ್‌ಶೈರಿನ ಗಣಿ ಮುಚ್ಚುವಾಗಿನ ಕಥೆಯನ್ನು ಅಲ್ಲಿನ ಬ್ಯಾಂಡಿನವರ ತಮಾಷೆಯೊಳಗಿಂದ ಹೇಳಿದ ಬ್ರಿಟಿಷ್ ಚಿತ್ರ ‘ಬ್ರಾಸ್ಡ್ ಆಫ್’ (1996) ನೋಡಿದವರಿಗೆ ಈ ಜಾಡು ಗೊತ್ತು. ನಮಗೆ ಅಷ್ಟು ದೂರ ಹೋಗಬೇಕಿಲ್ಲ. ಯಕ್ಷಗಾನದ ಹಾಸ್ಯಗಾರ ರಾಜನ ಎದುರೇ ಕುಟುಕುತ್ತಾನೆ, ಪ್ರಸಂಗವನ್ನೂ ಮುಂದೆ ನೂಕುತ್ತಾನೆ. ಚಿತ್ರದ ಭುಜಂಗ ಅದೇ ಜಾತಿಯವನು. ಆ ಪಾತ್ರ ಮಾಡಿದ ಪ್ರಕಾಶ್ ತೂಮಿನಾಡು ಮಂಜೇಶ್ವರದ ಕಡೆಯವರು, ತುಳು ರಂಗಭೂಮಿಯಲ್ಲಿ ಪಳಗಿದವರು.

ಇನ್ನೊಂದು ಮಾತು. ಕರಾವಳಿಯ ಕನ್ನಡ ಎಂದರೆ ನಮ್ಮ ಸಿನಿಮಾಕ್ಕೆ ಬಹುಕಾಲ ಹೋಟೆಲ್ ಭಟ್ಟರ ಕನ್ನಡ. ನಗಲಿಕ್ಕೆ ಮಾತ್ರ ಬಳಕೆ. ಇಲ್ಲಿ ‘ಎಂತ ಮಾರ್ರೆ’ ಎನ್ನುವವರೇ ಕಥೆಯ ಯಜಮಾನರು. ಅವರ ಮಾತಿಗೆ ನಗುತ್ತೇವೆ, ಅವರು ಆಡುವ ಕನ್ನಡಕ್ಕಲ್ಲ.

ಚಿತ್ರದಲ್ಲಿ ಊರಿನ ಕನ್ನಡ ಶಾಲೆ ಮುಚ್ಚುತ್ತದೆ. ಅದನ್ನು ತೆರೆಸಲು ನೆರವು ಹುಡುಕಿ ಮೈಸೂರಿಗೆ ಹೋದವರು ಕರೆತರುವ ಅನಂತಪದ್ಮನಾಭ, ಅವರು ಹುಡುಕುತ್ತಿದ್ದ ಅನಂತಪದ್ಮನಾಭನಲ್ಲ! ಪಾತ್ರ ಅನಂತ್ ನಾಗ್ ಅವರದು. ಅವರ ಬಾಲ್ಯದ ಕೆಲವು ದಿನ ಕಳೆದದ್ದು ಕಾಸರಗೋಡು ಸೀಮೆಯ ಕಾಞಂಗಾಡಿನ ಆನಂದಾಶ್ರಮದಲ್ಲಿ, ಇನ್ನು ಕೆಲವು ಬೈಂದೂರಿನಿಂದ ಉತ್ತರಕ್ಕೆ ಭಟ್ಕಳ ದಾಟಿದರೆ ಸಿಗುವ ಶಿರಾಲಿಯ ಚಿತ್ರಾಪುರ ಮಠದಲ್ಲಿ. ಶಾಲೆಯ ಪರವಾಗಿ ಅವರು ವಾದಿಸುವ ಕೋರ್ಟಿನ ದೃಶ್ಯದಲ್ಲಿ ಭಾಷಣ ತುಸು ಉದ್ದವಾಯಿತೆಂದು ನನಗೆ ಈಗಲೂ ಅನಿಸುತ್ತದೆ. ಅನಂತ್ ನಾಗ್ ಆದ್ದರಿಂದ ಕೂತು ಕೇಳಿದೆವು. ವಾಸುಕಿ ವೈಭವ್ ಸಂಗೀತವಂತೂ ಮಕ್ಕಳ ಬಾಯಲ್ಲಿ ಶಾಲಾ ವಾರ್ಷಿಕೋತ್ಸವದವರೆಗೆ ಹೋಯಿತು.

2019ರ ಆಗಸ್ಟಿನಲ್ಲಿ ಅತ್ಯುತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಚಿತ್ರೀಕರಣ ನಡೆದದ್ದು ಗಡಿಯ ಈಚೆ, ದಕ್ಷಿಣ ಕನ್ನಡದ ಕೈರಂಗಳದ ಸರ್ಕಾರಿ ಶಾಲೆಯಲ್ಲಿ. ಆ ಶಾಲೆಯನ್ನು ರಿಷಬ್ ದತ್ತು ತೆಗೆದುಕೊಂಡರು.