ಲಸಿಕೆಗೊಂದು ಅನುಪಾನ

"ಕೀವಾದ್ರೆ ಮುಟ್ಬ್ಯಾಡ ಕಣವ್ವ, ತಾನೇ ಒಣಗ್ತದೆ." ಕಡೂರು ಕಡೆಯ ಅಜ್ಜಿಯರು ಬಾಣಂತಿಗೆ ಹೇಳುವ ಈ ಮಾತು ಡಾಕ್ಟರು ಹೇಳುವುದಕ್ಕಿಂತ ಬೇರೆಯಲ್ಲ. ಕೂಸಿನ ಎಡ ರಟ್ಟೆಗೆ ಹಾಕಿದ ಕ್ಷಯದ ಲಸಿಕೆ ಬಿಸಿಜಿ ಕೆಲವು ವಾರಗಳ ಮೇಲೆ ಗುಳ್ಳೆಯಾಗಿ, ಒಡೆದು, ಜೀವಮಾನದ ಕಲೆಯಾಗುತ್ತದೆ.

ಆ ಲಸಿಕೆಯ ಮೂಲ ಹಸುವಿನ ಕೆಚ್ಚಲು. ಕ್ಷಯದಿಂದ ಕೆಚ್ಚಲು ಬಾತಿದ್ದ ಹಸುವೊಂದರ ಹಾಲಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನು ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ 1908ರಿಂದ 13 ವರ್ಷ ಆಲೂಗಡ್ಡೆ ಹೋಳುಗಳ ಮೇಲೆ ಬೆಳೆಸಿದರು. ದನದ ಪಿತ್ತರಸದಲ್ಲಿ ಬೇಯಿಸಿದ ಹೋಳು. ಮೂರು ವಾರಕ್ಕೊಮ್ಮೆ ಹೊಸದು. ಹೀಗೆ ಸುಮಾರು 230 ಸಲ. ಅಷ್ಟು ಹೊತ್ತಿಗೆ ಅದು ರೋಗ ತರುವುದನ್ನೇ ಮರೆತಿತ್ತು.

ಎಳೆಮಕ್ಕಳನ್ನು ಮಿದುಳಿನ ಕ್ಷಯದಿಂದ ಬಿಸಿಜಿ ಚೆನ್ನಾಗಿಯೇ ಕಾಯುತ್ತದೆ. ದೊಡ್ಡವರ ಶ್ವಾಸಕೋಶದ ವಿಷಯದಲ್ಲಿ ಕೈಕೊಡುತ್ತದೆ. 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ಶುರುವಾದ ಪ್ರಯೋಗ 15 ವರ್ಷ ಜನರ ಬೆನ್ನು ಹತ್ತಿ ಇದನ್ನೇ ಕಂಡಿತು.

ಹಾಗಾದರೆ ಬ್ಯಾಕ್ಟೀರಿಯಾದ ಒಂದು ಪ್ರೋಟೀನನ್ನಷ್ಟೇ ಲಸಿಕೆಯಾಗಿ ಕೊಟ್ಟರೆ? ಬರೀ ಚೂರನ್ನು ಮೈ ಲೆಕ್ಕಕ್ಕೇ ಇಡುವುದಿಲ್ಲ. ಪಂಡಿತರು ಭಸ್ಮವನ್ನು ಜೇನಿನಲ್ಲೋ ಶುಂಠಿರಸದಲ್ಲೋ ಕೊಡುವಂತೆ ಅದಕ್ಕೂ ಅನುಪಾನ ಬೇಕು. ವಿಜ್ಞಾನಿಗಳು ಅಡ್ಜುವೆಂಟ್ ಎನ್ನುತ್ತಾರೆ. ನನಗೆ ಅನುಪಾನವೇ ಇಷ್ಟ. 1926ರಿಂದ ಬಳಕೆಗೆ ಬಂದ ಅಲ್ಯೂಮಿನಿಯಂ ಲವಣ ರಕ್ತದಲ್ಲಿ ಪ್ರತಿಕಾಯಗಳನ್ನು ಹೆಚ್ಚಿಸುತ್ತದೆ, ನಿಜ. ಕ್ಷಯದ ಬ್ಯಾಕ್ಟೀರಿಯಾ ಮಾತ್ರ ಠಾಣೆಯೊಳಗೇ ಅವಿತ ಕಳ್ಳ: ತನ್ನನ್ನು ನುಂಗಿದ ರಕ್ಷಣಾ ಕೋಶದೊಳಗೇ ಬಾಳುತ್ತದೆ. ಅಲ್ಲಿಗೆ ಪ್ರತಿಕಾಯ ಹೋಗದು. ಅದಕ್ಕೆ ಟಿ ಕೋಶಗಳೆಂಬ ಇನ್ನೊಂದು ಬಗೆಯ ರಕ್ಷಣಾ ಕೋಶಗಳನ್ನೇ ಎಬ್ಬಿಸಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಚಿತ್ ಅಗರ್‌ವಾಲ್, ಎಡ್ನಾ ಜಾರ್ಜ್ ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಕೆಲಸ ಇಲ್ಲಿಗೆ ಬರುತ್ತದೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಸ್ಮೆಗ್ಮಾಟಿಸ್ ಎಂಬ ಸಾಧು ದಾಯಾದಿಯಿದೆ. ಅದು ತನ್ನ ಹೊರಪೊರೆಯಿಂದ ಸಣ್ಣ ಗುಳ್ಳೆಗಳನ್ನು ಉದುರಿಸುತ್ತದೆ. ಅವುಗಳಲ್ಲಿ ಪ್ರೋಟೀನು, ಕೊಬ್ಬು ಎಲ್ಲ ಉಂಟು. ಆದರೆ ಒಂದೊಂದು ಒಂದೊಂದು ಗಾತ್ರ, ಬಾಳಿಕೆಯೂ ಕಮ್ಮಿ. ಗುಳ್ಳೆಗಳನ್ನೂ ಚಿನ್ನದ ನ್ಯಾನೊ ಕಣಗಳನ್ನೂ ಒಟ್ಟಿಗೆ 100 ನ್ಯಾನೊಮೀಟರ್ ಸಂದಿನ ಸೋಸುಕದಲ್ಲಿ ಒತ್ತಿ ತೂರಿಸಿದರು. ತಲೆಗೂದಲ ದಪ್ಪದಲ್ಲಿ ಸುಮಾರು ಎಂಟುನೂರರಲ್ಲೊಂದು ಪಾಲು, ಆ ಸಂದು! ನುಸುಳುವಾಗ ಗುಳ್ಳೆ ಒಡೆದು, ಹೋಳಿಗೆಯ ಕಣಕ ಹೂರಣಕ್ಕೆ ಸುತ್ತಿಕೊಂಡಂತೆ ಪೊರೆ ಚಿನ್ನಕ್ಕೆ ಸುತ್ತಿಕೊಂಡಿತು. ಪ್ರಯೋಗಾಲಯದಲ್ಲಿ ಬೆಳೆಸಿದ ರಕ್ಷಣಾ ಕೋಶಗಳು ಬರೀ ಗುಳ್ಳೆಗಿಂತ ಈ ತುತ್ತಿಗೆ ಹೆಚ್ಚು ಕೆರಳಿದವು. ಸ್ವರ್ಣಪ್ರಾಶನ ನೆನಪಾದವರಿಗೆ ಒಂದು ಮಾತು: ಇಲ್ಲಿ ಚಿನ್ನ ಮದ್ದಲ್ಲ, ಬರೀ ಅಚ್ಚು.

ಮನುಷ್ಯರ ಮೇಲೆ ಪರೀಕ್ಷೆಗೆ ಇಳಿದ ಇನ್ನೊಂದು ಅನುಪಾನದಲ್ಲಿ ಚಿಲಿ ದೇಶದ ಮರವೊಂದರ ತೊಗಟೆಯ ಸಾಪೋನಿನ್ ಇದೆ. ನಮ್ಮ ಸೀಗೆಕಾಯಿ, ಅಂಟುವಾಳದಲ್ಲಿ ನೊರೆ ಬರಿಸುವುದೂ ಇದೇ ಜಾತಿಯ ವಸ್ತು. ಅಂಟುವಾಳ ನೆನೆಹಾಕಿ ಕಿವುಚಿದರೆ ನೊರೆಯೆದ್ದು ಸೀರೆಯ ಜಿಡ್ಡು ಬಿಡುತ್ತದಲ್ಲ, ಆ ಗುಣವೇ ಜೀವಕೋಶದ ಕೊಬ್ಬಿನ ಪೊರೆಗೂ ಕೈಹಾಕುತ್ತದೆ. ಬಿಡಿಯಾಗಿ ಚುಚ್ಚಿದರೆ ರಕ್ತಕಣ ಒಡೆದೀತು. ಅದಕ್ಕೇ ಕೊಲೆಸ್ಟರಾಲ್ ಬೆರೆತ ನ್ಯಾನೊ ಗುಳ್ಳೆಯಲ್ಲಿ ಕೂರಿಸಿ ಅದರ ಉಗ್ರತೆ ಇಳಿಸಿದ್ದಾರೆ. ಈ ಅನುಪಾನದೊಂದಿಗೆ ಕೊಟ್ಟ ಎಂ72 ಎಂಬ ಲಸಿಕೆ, ಸೋಂಕು ಮೈಯಲ್ಲಿ ಅಡಗಿದ್ದ ಆಫ್ರಿಕದ ವಯಸ್ಕರಲ್ಲಿ ಮೂರು ವರ್ಷ ಕಾಲ ಶ್ವಾಸಕೋಶದ ಕ್ಷಯವನ್ನು ಸುಮಾರು ಅರ್ಧಕ್ಕಿಳಿಸಿತು. 20,000 ಜನರ ಗುರಿಯಿಟ್ಟ ದೊಡ್ಡ ಪರೀಕ್ಷೆ 2024ರ ಮಾರ್ಚ್‌ನಲ್ಲಿ ದಕ್ಷಿಣ ಆಫ್ರಿಕದಲ್ಲಿ ಶುರುವಾಯಿತು. ಪ್ರೋಟೀನಿನ ಪುಡಿ ಒಂದು ಸೀಸೆ, ಅನುಪಾನ ಇನ್ನೊಂದು. ಚುಚ್ಚುವ ಮುಂಚೆ ಬೆರೆಸಿಕೊಳ್ಳಬೇಕು.