ಮಣ್ಣಿನಡಿಯಿಂದ ಎದ್ದು ಬಂದ 'ಡೆಬೋರಾ'

ಯುದ್ಧ ಮುಗಿದ ಮೇಲೆ ಅದರ ಯಂತ್ರಗಳ ಗತಿಯೇನು? ಬಹುಪಾಲು ಗುಜರಿಗೆ ಹೋಗಿ ಕರಗುತ್ತವೆ. ಕೆಲವನ್ನು ಮಾತ್ರ ಇದ್ದಲ್ಲಿಯೇ ಹೊಂಡಕ್ಕೆ ತಳ್ಳಿ ಮಣ್ಣು ಮುಚ್ಚಿದ್ದುಂಟು. ಅಂಥದೊಂದರ ವೃತ್ತಾಂತವನ್ನು ವಾಚಕರ ಮುಂದಿಡುತ್ತಿದ್ದೇವೆ.

೧೯೧೭ರ ನವೆಂಬರ್ ೨೦ರಂದು ಉತ್ತರ ಫ್ರಾನ್ಸಿನ ಕಾಂಬ್ರೆ ಬಳಿ ಬ್ರಿಟಿಷರು ೪೦೦ಕ್ಕೂ ಮಿಕ್ಕಿ ಟ್ಯಾಂಕುಗಳನ್ನು ಜರ್ಮನರ ಮೇಲೆ ಹರಿಯಬಿಟ್ಟರು. ಅವುಗಳಲ್ಲಿ 'ಡೆಬೋರಾ' ಎಂಬ ಹೆಸರಿನ, ಡಿ ೫೧ ಸಂಖ್ಯೆಯ ಟ್ಯಾಂಕು ಫ್ಲೆಸ್ಕಿಯೇರ್ ಎಂಬ ಹಳ್ಳಿಯನ್ನು ಹೊಕ್ಕಿತು. ಫಿರಂಗಿಯ ಗುಂಡುಗಳು ಬಡಿದು ಅಲ್ಲೇ ನಿಂತಿತು. ಒಳಗಿದ್ದ ಎಂಟು ಮಂದಿಯಲ್ಲಿ ಐವರು ಮಡಿದರು. ಉಳಿದವರನ್ನು ನಾಯಕ ಫ್ರಾಂಕ್ ಹೀಪ್ ಹಿಂದಕ್ಕೆ ಕರೆತಂದರು.

ಮುಂದೆ ಎಂಬತ್ತು ವರ್ಷ ಅದು ಕಣ್ಣಿಗೆ ಬೀಳಲಿಲ್ಲ. ಹುಡುಕಲು ಹೊರಟವರು ಸೇನಾಧಿಕಾರಿಯಲ್ಲ, ಕಾಂಬ್ರೆಯ ಹೋಟೆಲ್ ಮಾಲಿಕ ಫಿಲಿಪ್ ಗೋರ್ಚಿನ್ಸ್ಕಿ. ಊರಿನ ವೃದ್ಧೆಯೊಬ್ಬರು, ತಾವು ಹುಡುಗಿಯಾಗಿದ್ದಾಗ ಟ್ಯಾಂಕೊಂದನ್ನು ದೊಡ್ಡ ಹೊಂಡಕ್ಕೆ ತಳ್ಳಿದ್ದನ್ನು ಕಂಡದ್ದಾಗಿ ಅವರಿಗೆ ಹೇಳಿದ್ದರು. ಅಜ್ಜಿಯರ ಇಂಥ ಮಾತನ್ನು ನಾವು ಎಷ್ಟು ಸಲ ಅರ್ಧಕ್ಕೇ ತಡೆಯುವುದಿಲ್ಲ! ಗೋರ್ಚಿನ್ಸ್ಕಿ ಅದನ್ನು ನಂಬಿ ವರ್ಷಗಟ್ಟಲೆ ಹುಡುಕಿದರು. ವಿಮಾನದಿಂದ ತೆಗೆದ ಚಿತ್ರಗಳನ್ನು ನೋಡಿದರು, ಲೋಹಶೋಧಕ ಹಿಡಿದು ನಡೆದರು. ೧೯೯೮ರ ನವೆಂಬರಿನಲ್ಲಿ ಅಗೆದಾಗ ಟ್ಯಾಂಕಿನ ಮಾಡು ಕಾಣಿಸಿತು.

ಅಗೆತ ಸುಲಭದ್ದಲ್ಲ. ಆ ಸೀಮೆಯ ರೈತರ ನೇಗಿಲಿಗೆ ಇಂದಿಗೂ ಸಿಡಿಯದ ಗುಂಡುಗಳು ಸಿಗುತ್ತವೆ. ಟ್ಯಾಂಕು ಸುಮಾರು ೮ ಮೀಟರ್ ಉದ್ದದ್ದು. ಗಾಳಿಯಾಡದ ಆಳದಲ್ಲಿ ಕಬ್ಬಿಣಕ್ಕೆ ತುಕ್ಕು ನಿಧಾನ; ಮೇಲೆ ಬಂದ ಮೇಲೆಯೇ ಅಪಾಯ ಹೆಚ್ಚು. ನಮ್ಮ ಮಳೆಗಾಲದಲ್ಲಿ ಅಂಗಳದಲ್ಲಿ ಮರೆತ ಹಾರೆಯ ಪಾಡು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ೨೦೦೦ದಲ್ಲಿ ಎಸ್ತೋನಿಯಾದ ಕೆರೆಯೊಂದರ ತಳದಿಂದ ಬುಲ್‌ಡೋಜರಿನಿಂದ ಎಳೆದು ತೆಗೆದ ರಷ್ಯನ್ ಟಿ-೩೪ ಟ್ಯಾಂಕೂ ಕೆಸರಿನ ಕೃಪೆಯಿಂದಲೇ ಉಳಿದಿತ್ತು.

ಇಂಥವನ್ನು ಹೊಸದರಂತೆ ದುರಸ್ತಿಗೊಳಿಸಿ ಬಣ್ಣ ಹಚ್ಚಿ ಓಡಿಸಬೇಕೆನ್ನುವವರಿದ್ದಾರೆ. ಡೆಬೋರಾಳಿಗೆ ಹಾಗೆ ಮಾಡಲಿಲ್ಲ. ಹರಿದ ಮುಂಭಾಗ, ಗುಂಡು ತೂರಿದ ತೂತು, ಎಲ್ಲವೂ ಇದ್ದಂತೆಯೇ ಇವೆ. ಇದು ಸರಿಯೆಂದೇ ನಮ್ಮ ಅಭಿಪ್ರಾಯ. ಆ ತೂತುಗಳನ್ನು ಮುಚ್ಚಿದ್ದರೆ ಐವರ ಸಾವಿನ ಸಾಕ್ಷಿಯನ್ನೇ ಮುಚ್ಚಿದಂತಾಗುತ್ತಿತ್ತು.

ಫ್ರೆಂಚ್ ಸರಕಾರ ೧೯೯೯ರಲ್ಲಿ ಇದನ್ನು ಐತಿಹಾಸಿಕ ಸ್ಮಾರಕವೆಂದು ಘೋಷಿಸಿತು. ಬಹುಕಾಲ ಹಳ್ಳಿಯ ಕೊಟ್ಟಿಗೆಯೊಂದರಲ್ಲಿದ್ದ ಟ್ಯಾಂಕಿಗೆ, ಯುದ್ಧದ ನೂರನೇ ವರ್ಷವಾದ ೨೦೧೭ರಲ್ಲಿ ಅದೇ ಊರಿನಲ್ಲಿ ಸಂಗ್ರಹಾಲಯ ಕಟ್ಟಲಾಯಿತು. ಪಕ್ಕದಲ್ಲೇ ಬ್ರಿಟಿಷ್ ಸೈನಿಕರ ಸ್ಮಶಾನ. ಡೆಬೋರಾಳಲ್ಲಿ ಮಡಿದವರು ಅಲ್ಲಿದ್ದಾರೆ.