ಪಾನಗೃಹದಲ್ಲಿ ಗಿರಾಕಿಯ ನಡತೆ

ಸಾರಾಯಿಯ ಕಾಲದಲ್ಲಿ ಕೂಲಿಯವನು ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಿಂದ ಹರಿದು, ನಿಂತಲ್ಲಿಯೇ ಗುಟುಕರಿಸಿ ಹೊರಟುಬಿಡುತ್ತಿದ್ದ. ಅಲ್ಲಿ ಮರ್ಯಾದೆಯ ಪ್ರಶ್ನೆಗೆ ಎಡೆಯೇ ಕಡಿಮೆ. ಶಿಕಾರಿಪುರದಿಂದ ಆಯ್ಕೆಯಾದ ಬಿ. ಎಸ್. ಯಡಿಯೂರಪ್ಪನವರು ರಾಜ್ಯದ ಅರ್ಥಸಚಿವರಾಗಿದ್ದಾಗ, 2007ರ ಜುಲೈ 1ರಿಂದ ಸಾರಾಯಿ ನಿಷಿದ್ಧವಾಯಿತು. ಕುಡಿತವೇನೋ ನಿಲ್ಲಲಿಲ್ಲ, ಬಾರಿನ ಮೇಜಿನ ಮುಂದೆ ಬಂದು ಕುಳಿತಿತು.

ಕುಳಿತ ಮೇಲೆ ನಡತೆಯೂ ಬೇಕಾಗುತ್ತದೆ. ಸಪ್ಲೈಯರನನ್ನು ಚಿಟಿಕೆ ಹೊಡೆದು “ಏ ಮಾಣಿ” ಎಂದು ಕೂಗುವವರುಂಟು. ಆತನಿಗೆ ಐವತ್ತು ವರ್ಷವಾಗಿರಬಹುದು! “ಅಣ್ಣಾ” ಎಂದು ಕರೆದರೆ ಲೋಟದ ರುಚಿಯೇನೂ ಕೆಡದು. ಒಲ್ಲೆನೆನ್ನುವ ಗೆಳೆಯನ ಲೋಟಕ್ಕೆ ಬಲವಂತವಾಗಿ ಸುರಿಯುವುದೇ ಔದಾರ್ಯವೆಂಬುದು ಇನ್ನೊಂದು ಭ್ರಮೆ. ಲೆಕ್ಕವನ್ನು ಅಮಲೇರುವ ಮೊದಲೇ ಕೇಳಿಕೊಂಡರೆ ಗಲ್ಲಾಪೆಟ್ಟಿಗೆಯ ಬಳಿಯ ಜಗಳಗಳು ಎಷ್ಟೋ ತಪ್ಪಿಯಾವು.

ಮಾರುವವನಿಗೂ ಒಂದು ಧರ್ಮವುಂಟು. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಅಲ್ಲಮಪ್ರಭು, ಉಡುತಡಿಯ ಅಕ್ಕಮಹಾದೇವಿ ಹೋಗಿ ಸೇರಿದ 12ನೆಯ ಶತಮಾನದ ಕಲ್ಯಾಣದಲ್ಲಿ ಹೆಂಡದ ಮಾರಯ್ಯನೆಂಬ ಶರಣನಿದ್ದ. ಹೆಂಡ ಮಾರುತ್ತಲೇ, ಕುಡಿಯಬೇಡಿರೆಂದು ಗಿರಾಕಿಗಳಿಗೆ ಬುದ್ಧಿ ಹೇಳುತ್ತಿದ್ದನೆಂದು ಪ್ರತೀತಿ. ಅಂಥ ಅಂಗಡಿಕಾರನನ್ನು ಇಂದು ಹುಡುಕುವುದು ವ್ಯರ್ಥ. “ಸಾಕು” ಎಂಬ ಮಾತನ್ನು ಗಿರಾಕಿಯೇ ಹೇಳಿಕೊಳ್ಳಬೇಕು.

ಅದರಲ್ಲಿಯೂ ಹೊರಗೆ ಬೈಕು ನಿಲ್ಲಿಸಿ ಬಂದವನು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರವಿದ್ದರೆ ವಾಹನ ನಡೆಸುವುದು ಅಪರಾಧ. ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ಕೊನೆಯ ಬಸ್ಸಿನ ಹೊತ್ತನ್ನು ಮೊದಲ ಲೋಟಕ್ಕೆ ಮುಂಚೆಯೇ ವಿಚಾರಿಸಿಕೊಳ್ಳುವುದು ಲೇಸು. ಅಲ್ಲಿ ಮನೆಯವಳು ತಾನೂ ಉಣ್ಣದೆ, ದೀಪವಾರಿಸದೆ ಕಾದಿರುತ್ತಾಳೆ.